ಬಡನೀರು

ಮಡಕಶಿರದ ಬೆಟ್ಟದ ಹಿಂದೆ, ಸೇತುವೆ ಕಟ್ಟಲೆಂದು ಸರ್ಕಾರದವರು ಕಲ್ಲು ಒಡೆಸಿ ಬಿಟ್ಟುಹೋದ ದೊಡ್ಡ ಗುಂಡಿಯೊಂದಿತ್ತು. ದಿನಾ ಬೆಳಿಗ್ಗೆ ಪಾಪಕ್ಕ ಸಗಣಿಯ ಮಂಕರಿ ಹೊತ್ತು ಅದರ ದಡಕ್ಕೆ ಬರುವುದನ್ನು ಕಂಡು ಊರವರು ನಕ್ಕಿದ್ದೇ ನಕ್ಕಿದ್ದು. ಹೊಲಕ್ಕೆ ಗೊಬ್ಬರ ಹಾಕುವವರನ್ನು ಎಲ್ಲರೂ ಕಂಡಿದ್ದರು, ನೀರಿಗೆ ಗೊಬ್ಬರ ಹಾಕುವವಳನ್ನು ಯಾರೂ ಕಂಡಿರಲಿಲ್ಲ. "ಏನಕ್ಕಾ, ಗುಂಡಿನಾಗೆ ರಾಗಿ ಬಿತ್ತಿದೀಯಾ?" ಎಂದು ದಾರಿಯಲ್ಲಿ ಹೋಗುವವರು ಕೇಳುವರು. ಪಾಪಕ್ಕ ಬಾಯಿ ಸತ್ತವಳೇನಲ್ಲ. "ಹೂಂ, ಕುಯ್ಲಿಗೆ ಬಾ, ನಿನಗೂ ಒಂದು ಕುಡ್ಲು ಕೊಡ್ತೀನಿ" ಎಂದು ಹೇಳಿ ತನ್ನ ಕೆಲಸ ನೋಡಿಕೊಳ್ಳುವಳು.

ನಗುವವರಿಗೇನು, ನಗುತ್ತಾರೆ. ಪಾಪಕ್ಕನ ಸೊಸೆ ಪುಟ್ಟಕ್ಕ ಬಸುರಿಯಾಗಿದ್ದಳು. ಇದಕ್ಕೆ ಮೊದಲು ಎರಡು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟಿದ್ದಳು. ಆ ಕೂಸುಗಳಿಗೆ ಯಾವ ರೋಗವೂ ಇರಲಿಲ್ಲ. ತಾಯಿಯ ಎದೆಯಲ್ಲಿ ಹಾಲಿರಲಿಲ್ಲ, ಅಷ್ಟೇ. ಮೇಕೆ ಹಾಲನ್ನು ಬಟ್ಟೆಯ ಬತ್ತಿಯಲ್ಲಿ ಅದ್ದಿ ಚೀಪಿಸಿದರು, ಭೇದಿ ಹತ್ತಿಕೊಂಡಿತು. ಎರಡನೆಯದು ಪಾಪಕ್ಕನ ತೊಡೆಯ ಮೇಲೇ ಹೋಯಿತು. ಕೊನೆಯ ಗಳಿಗೆಯವರೆಗೂ ಅದು ಬಾಯಿ ತೆರೆದು ಹುಡುಕುತ್ತಿತ್ತು. ಆಮೇಲೆ ಯಾವ ಪ್ರಾಣಿ ಬಾಯಿ ತೆರೆದರೂ ಪಾಪಕ್ಕನಿಗೆ ಸಹಿಸಲಾಗುತ್ತಿರಲಿಲ್ಲ. ಕೋಳಿಮರಿ ಬಾಯಿ ಬಿಟ್ಟರೂ ಓಡಿ ಹೋಗಿ ನುಚ್ಚು ಚೆಲ್ಲುವಳು.

ಮೂರನೆಯದು ನಿಂತಾಗ ಸೂಲಗಿತ್ತಿ ಕಾಟಮ್ಮ ಪುಟ್ಟಕ್ಕನ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದು ಜಗಲಿಯ ಮೇಲೆ ಕೂತಳು.

"ಈ ಸಲ ಹಸೀ ಮೀನಿನ ಎಸರು ಕುಡಿಸು ಪಾಪಕ್ಕ. ಹೆತ್ತ ಮೂರನೇ ದಿನದಿಂದ, ಬೆಳ್ಳುಳ್ಳಿ ಮೆಣಸು ಹಾಕಿ, ದಿನಾ ಕುಡೀಬೇಕು. ಕಲ್ಲಿನಂಥ ಎದೆನಾಗೂ ಹಾಲು ಇಳೀತದೆ. ಒಣಮೀನು ಆಗಾಕಿಲ್ಲ, ಬಾಣಂತಿಗೆ ನಂಜು."

"ಹಸೀ ಮೀನು ಎಲ್ಲಿಂದ ತರ್ಲಿ ಕಾಟಮ್ಮ? ಇವಳು ಹೆರೋದು ಯುಗಾದಿ ಕಳೆದ್ ಮೇಲೆ. ಅಷ್ಟೊತ್ತಿಗೆ ಯಾವ್ ಕೆರೆನಾಗೆ ನೀರಿರ್ತದೆ?"

ಕಾಟಮ್ಮ ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದಳು. ಪಾಪಕ್ಕ ಮಾತ್ರ ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳಿಗೆ ಕಲ್ಲಿನ ಗುಂಡಿ ನೆನಪಾಗಿತ್ತು. ಸ್ವಾತಿ ಮಳೆಗೆ ತುಂಬಿದ್ದ ಆ ಗುಂಡಿ ಆಳವಾಗಿತ್ತು, ಬೇಸಿಗೆಯಲ್ಲೂ ಪೂರ್ತಿ ಬತ್ತುತ್ತಿರಲಿಲ್ಲ. ಅಮರಾಪುರದ ಕಡೆಯ ಕೆರೆಗಳಲ್ಲಿ ಬಲೆ ಬೀಸುವ ಬೆಸ್ತರ ಬೊಮ್ಮಪ್ಪ ಅವಳ ತೌರಿನ ಊರಿನವನು. ಅವನಿಗೆ ಹೇಳಿಕಳಿಸಿ ಗೆಂಡೆ ಮೀನಿನ ಮರಿಗಳನ್ನು ಗಡಿಗೆಯಲ್ಲಿ ತರಿಸಿ ಗುಂಡಿಗೆ ಬಿಡಿಸಿದಳು.

ಮರಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಸಂಕ್ರಾಂತಿ ಹೊತ್ತಿಗೂ ಬೆರಳುದ್ದವೇ ಇದ್ದವು. ಬೊಮ್ಮಪ್ಪ ಬಂದು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದ.

"ತಳದ ಕಲ್ಲು ಕಾಣ್ತೈತೆ ನೋಡು. ನೋಡಾಕೆ ಚೆಂದ ಕಣಕ್ಕ, ತಿನ್ನಾಕೆ ಏನೈತೆ ಇದ್ರಾಗೆ? ಇದು ಬಡನೀರು."

"ಹಂಗಂದ್ರೆ?"

"ಬಡ ಹೊಲ ಇದ್ದಂಗೆ. ಗೊಬ್ಬರ ಕೇಳ್ತದೆ. ಸಗಣಿ ಹಾಕು, ಕಡ್ಲೆಕಾಯಿ ಹಿಂಡಿ ಹಾಕು. ನೀರು ಹಸಿರು ತಿರುಗ್ತದೆ. ಆ ಹಸಿರು ತಿಂದು ಹುಳ ಆಗ್ತವೆ, ಹುಳ ತಿಂದು ಮೀನು ದಪ್ಪ ಆಗ್ತವೆ."

"ಮೀನು ತಿಂದು ಹಾಲು ಆಗ್ತದೆ" ಎಂದಳು ಪಾಪಕ್ಕ.

"ಅಷ್ಟೇ ಮತ್ತೆ. ಬುಡದಾಗೆ ಹಾಕಿದ್ದು ತುದಿಗೆ ಬರ್ತದೆ."

ಅಂದಿನಿಂದ ಶುರುವಾಯಿತು ಊರವರ ನಗು. ಪಾಪಕ್ಕ ಕೊಟ್ಟಿಗೆಯ ಸಗಣಿಯಲ್ಲಿ ಅರ್ಧವನ್ನು ತಿಪ್ಪೆಗೆ ಹಾಕದೆ ಗುಂಡಿಗೆ ಸಾಗಿಸಿದಳು. ಗಾಣದ ನರಸಿಂಹಯ್ಯನ ಮನೆಯಲ್ಲಿ ಕಡಲೆಕಾಯಿ ಸುಲಿದುಕೊಟ್ಟು, ಕೂಲಿಗೆ ಬದಲಾಗಿ ಹಿಂಡಿ ಇಸಿದುಕೊಂಡಳು. ಮಗ ವೆಂಕಟಪ್ಪ, "ಎತ್ತಿಗೆ ಇಲ್ಲದ ಹಿಂಡಿ ಮೀನಿಗಾ ಅವ್ವಾ?" ಎಂದು ಒಂದು ಸಲ ಗೊಣಗಿದ. ಅವ್ವ ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಡಲಿಲ್ಲ.

ನೀರು ನಿಜಕ್ಕೂ ಬಣ್ಣ ತಿರುಗಿತು. ಮೊದಲು ಎಳೆ ಹುರುಳಿ ಸೊಪ್ಪಿನ ಬಣ್ಣ, ಆಮೇಲೆ ಗಟ್ಟಿ ಹಸಿರು. ತಳದ ಕಲ್ಲು ಮಾಯವಾಯಿತು. ಮೀನುಗಳು ಬೆಳೆದ ಪರಿಗೆ ಪಾಪಕ್ಕನೇ ಬೆರಗಾದಳು. ಶಿವರಾತ್ರಿ ಹೊತ್ತಿಗೆ ಅಂಗೈ ಅಗಲವಾದವು, ಯುಗಾದಿಗೆ ಮೊಳಕೈ ದಪ್ಪವಾದವು. ತುಂಬಿದ ಹೊಟ್ಟೆ ಹೊತ್ತುಕೊಂಡು ಪುಟ್ಟಕ್ಕ ಒಂದು ಸಂಜೆ ನೋಡಲು ಬಂದಳು. ಒಂದು ಗೆಂಡೆ ಪಳಕ್ಕನೆ ಹಾರಿ ಬಿತ್ತು. ಎಷ್ಟೋ ತಿಂಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು.

"ಇವೆಲ್ಲಾ ನನಗೇನಾ ಅತ್ತೆ?"

"ನಿನಗಲ್ಲ ಕಣೇ, ಹೊಟ್ಟೆನಾಗಿರೋದಕ್ಕೆ. ನೀನು ಬರೀ ನಡುವಿನ ದಾರಿ."

ಸೊಸೆ ನಗುತ್ತ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆ ಸಂಜೆ ಪಾಪಕ್ಕನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಈ ಸಲ ಕೂಸು ಉಳಿಯುತ್ತದೆ ಎಂದು ಅವಳ ಮನಸ್ಸು ಒಪ್ಪಿಕೊಂಡೇಬಿಟ್ಟಿತ್ತು.

ಬಿಸಿಲು ಬಲಿತಂತೆ ಗುಂಡಿಯ ನೀರು ಇಳಿಯಿತು. ಇದ್ದ ನೀರಿನಲ್ಲಿ ಹಸಿರು ಇನ್ನೂ ದಪ್ಪವಾಗಿ, ಕೈ ಅದ್ದಿದರೆ ಬೆರಳು ಕಾಣದಂತಾಯಿತು. ಹಾಗಿರುವಾಗ ಒಂದು ಮುಂಜಾನೆ ಪಾಪಕ್ಕ ದಡಕ್ಕೆ ಬಂದವಳು ನಿಂತುಬಿಟ್ಟಳು. ಮೀನುಗಳೆಲ್ಲ ಮೇಲಕ್ಕೆ ಬಂದಿದ್ದವು. ನೀರಿನ ಮೇಲೆ ಬಾಯಿ ಇಟ್ಟು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ಗುಂಡಿಯ ತುಂಬ ಬರೀ ಬಾಯಿಗಳು.

"ಅಯ್ಯೋ ನನ್ನ ಮಕ್ಕಳಾ, ಹಸ್ಕೊಂಡಿದೀರಾ!" ಎಂದು ಅವಳ ಬಾಯಿಂದ ಬಂತು. ಮಂಕರಿಯಲ್ಲಿದ್ದ ಹಿಂಡಿಯನ್ನೆಲ್ಲ ಸುರಿದಳು, ಮನೆಗೆ ಓಡಿ ಇನ್ನಷ್ಟು ತಂದು ಸುರಿದಳು. ಬಿಸಿಲು ಏರಿತು. ಮೀನುಗಳು ಒಂದೊಂದಾಗಿ ಕೆಳಗಿಳಿದು ಎಂದಿನಂತೆ ಆಡತೊಡಗಿದವು. ಪಾಪಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನಿಟ್ಟುಸಿರು ಬಿಟ್ಟಳು.

ಮಾರನೆಯ ಮುಂಜಾನೆಯೂ ಅದೇ. ಅದರ ಮಾರನೆಯದೂ ಅದೇ. ದಿನವೂ ಬಾಯಿ ತೆರೆಯುವ ಮೀನುಗಳು ಹೆಚ್ಚಿದವು, ದಿನವೂ ಅವಳು ಹಿಂಡಿ ಹೆಚ್ಚಿಸಿದಳು. ಬಿಸಿಲು ಬಂದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಕೆಲಸ ಮಾಡುತ್ತಿದ್ದುದು ಬಿಸಿಲು, ಹೆಸರು ಬರುತ್ತಿದ್ದುದು ಹಿಂಡಿಗೆ. ಯಾರಾದರೂ ಬಿಡಿಸಿ ಹೇಳುವವರಿದ್ದರೆ ಎಂದು ಈಗ ಅನ್ನುವುದು ಸುಲಭ. ಬೊಮ್ಮಪ್ಪ ಆಗ ನೀರು ಹುಡುಕಿಕೊಂಡು ಸಿರಾ ಸೀಮೆಯ ಕೆರೆಗಳ ಕಡೆ ಹೋಗಿದ್ದ.

ನರಸಿಂಹಯ್ಯ ಮಾತ್ರ ಹಿಂಡಿ ಅಳೆದುಕೊಡುತ್ತ, "ಎಮ್ಮೆ ಎಷ್ಟು ಕಟ್ಟಿದೀಯ ಪಾಪಕ್ಕ? ಒಂದು ದಿನ ಮೊಸರಾದ್ರೂ ಕಳ್ಸು" ಎಂದ.

"ಮೊಮ್ಮಗುನೇ ಕಳಿಸ್ತೀನಿ ಬಿಡಯ್ಯ, ಎತ್ಕೊಂಡು ಆಡ್ಸು" ಎಂದಳು. ಅಷ್ಟು ಧೈರ್ಯ ಬಂದಿತ್ತು ಅವಳಿಗೆ.

ಭರಣಿ ಮಳೆಯ ಕಾಲಕ್ಕೆ ಪಡುವಣದಿಂದ ಮೋಡ ಕವಿಯಿತು. ಮಡಕಶಿರದವರಿಗೆ ಮೋಡವೆಂದರೆ ಹಬ್ಬ. ಗಂಡಸರು ನೇಗಿಲು ಹೊರಗೆಳೆದು ಮೊಳೆ ಬಿಗಿದರು, ಹೆಂಗಸರು ಬಿತ್ತನೆಯ ಕಡಲೆಕಾಯಿ ಬಿಚ್ಚಿ ಕೂತರು. ಮಳೆ ಬೀಳಲಿಲ್ಲ, ಮೋಡ ಚದುರಲೂ ಇಲ್ಲ. ಗಾಳಿ ಸತ್ತು, ಮುಚ್ಚಳ ಮುಚ್ಚಿದ ಮಡಕೆಯಂತೆ ಊರು ಬೆವರುತ್ತ ಕೂತಿತು. ಎಲ್ಲರ ಕಣ್ಣೂ ಮೇಲಿತ್ತು, ಕೆಳಗೆ ನೋಡುವವರು ಯಾರೂ ಇರಲಿಲ್ಲ.

ಮೋಡ ಕವಿದ ಮಾರನೆಯ ಬೆಳಿಗ್ಗೆ ಪುಟ್ಟಕ್ಕನಿಗೆ ನೋವು ಕಾಣಿಸಿಕೊಂಡಿತು. ಕಾಟಮ್ಮನನ್ನು ಕರೆತರಲು ವೆಂಕಟಪ್ಪ ಓಡಿದ. ಪಾಪಕ್ಕ ಬಾಗಿಲಲ್ಲಿ ನಿಂತು ಒಂದು ಗಳಿಗೆ ಲೆಕ್ಕ ಹಾಕಿದಳು. ಹೆರಿಗೆಯಾದರೆ ಮನೆಗೆ ಪುರುಡು. ಪುರುಡಿನ ಕೈ ಸೋಕಿದರೆ ಬೆಳೆಯುವುದು ಯಾವುದೂ ಉಳಿಯದು, ರೇಷ್ಮೆ ಹುಳು ಸೊರಗುತ್ತದೆ, ಹೂವಿನ ಗಿಡ ಬಾಡುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಪುರುಡು ಕಳೆಯುವವರೆಗೆ ಅವಳೂ ಗುಂಡಿಯ ಕಡೆ ಸುಳಿಯುವಂತಿಲ್ಲ, ಮಗನೂ ಸುಳಿಯುವಂತಿಲ್ಲ. ಮೀನು ಹಿಡಿಯಲು ಬೊಮ್ಮಪ್ಪನನ್ನು ಕರೆಸಿದರಾಯಿತು, ಸರಿ. ಅಲ್ಲಿಯವರೆಗೆ ಮೀನಿಗೆ ಮೇವು ಹಾಕುವವರು ಯಾರು? ಸೊಸೆಯ ಕೂಗು ಕೇಳುತ್ತಿದ್ದಂತೆಯೇ ಅವಳು ಮೂಲೆಯಲ್ಲಿದ್ದ ಹಿಂಡಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಓಡಿದಳು.

ಹೊತ್ತು ಏರಿದ್ದರೂ ಆವತ್ತು ಮೀನುಗಳು ಮೇಲೇ ಇದ್ದವು. ಕೆಲವು ಓರೆಯಾಗಿ ತೇಲುತ್ತಿದ್ದವು. "ತಿನ್ರವ್ವಾ, ಎಲ್ಲಾ ತಿನ್ರಿ. ನನ್ನ ಮೊಮ್ಮಗುವಿಗೆ ಇಟ್ಕೊಂಡಿರಿ" ಎಂದು ಚೀಲದ ಬಾಯಿ ಬಿಚ್ಚಿ ಪೂರ್ತಿ ಬೋರಲು ಹಾಕಿದಳು. ಖಾಲಿ ಚೀಲ ಕೊಡವಿ ಮನೆಯ ಕಡೆ ಓಡಿದಳು.

ಹೆಣ್ಣು ಕೂಸು ಹುಟ್ಟಿತು. ಪುಟ್ಟದು, ಆದರೆ ಅಳು ಜೋರಾಗಿತ್ತು. ಆ ಅಳು ಕೇಳಿ ಪಾಪಕ್ಕ ಅತ್ತಳು. ಪುಟ್ಟಕ್ಕ ಎದೆಗೆ ಹಾಕಿಕೊಂಡಳು. ಕಾಟಮ್ಮ ಒತ್ತಿ ನೋಡಿ, ಎರಡು ಹನಿ ಅಂಟುನೀರು ಬಂದುದನ್ನು ತೋರಿಸಿ, "ಎಸರು ಬೀಳ್ಲಿ, ತಾನೇ ಇಳೀತದೆ" ಎಂದಳು. ವೆಂಕಟಪ್ಪ ನಡೆದು ಹೋಗಿ ಬೊಮ್ಮಪ್ಪನನ್ನು ಹುಡುಕಿ ಬಲೆಯ ಸಮೇತ ಕರೆತಂದ.

ಮೂರನೆಯ ದಿನ ಪಾಪಕ್ಕ ಒಲೆಯ ಮೇಲೆ ಮಡಕೆಯಿಟ್ಟು, ಮೆಣಸು ಬೆಳ್ಳುಳ್ಳಿ ಅರೆದು ಕುದಿಯಲು ಹಾಕಿ ಕಾಯುತ್ತಿದ್ದಳು. ಬೊಮ್ಮಪ್ಪ ಬಂದು ಅಂಗಳದಲ್ಲಿ ನಿಂತ. ಹೆಗಲ ಮೇಲಿನ ಬಲೆ ಒಣಗಿಯೇ ಇತ್ತು.

"ಇತ್ಲಾಗೆ ಬಾ ಅಕ್ಕ" ಎಂದ, ದನಿ ತಗ್ಗಿಸಿ.

ಅವನ ಮುಖ ನೋಡಿದವಳಿಗೆ ಪುರುಡು ಮರೆತುಹೋಯಿತು. ಗುಂಡಿಯ ದಡ ಮುಟ್ಟುವ ಮೊದಲೇ ನಾತ ಬಂತು. ಹಸಿರು ನೀರು ಕಪ್ಪಾಗಿತ್ತು. ಅದರ ಮೇಲೆ ದಡದಿಂದ ದಡಕ್ಕೆ ಬೆಳ್ಳನೆಯ ಹೊಟ್ಟೆಗಳು. ಕಾಗೆಗಳೂ ಹದ್ದುಗಳೂ ಆಗಲೇ ತಮ್ಮ ಪಾಲು ಎಳೆದುಕೊಳ್ಳುತ್ತಿದ್ದವು.

"ಯಾರ್ ಕಾರೆಕಾಯಿ ಹಾಕ್ದೋರು? ಯಾವ್ ಮನೆಹಾಳ ವಿಷ ಹಾಕ್ದೋನು?" ಎಂದು ಪಾಪಕ್ಕ ಎದೆ ಬಡಿದುಕೊಂಡಳು.

ಬೊಮ್ಮಪ್ಪ ಕೋಲಿನಿಂದ ನೀರು ಕಲಕಿದ. ತಳದಿಂದ ಕೊಳೆತ ಹಿಂಡಿ ಗುಳ್ಳೆಗುಳ್ಳೆಯಾಗಿ ಮೇಲೆದ್ದಿತು. "ಎಷ್ಟು ಹಾಕಿದ್ದೆ ಅಕ್ಕ?"

"ಹಸಿದಿದ್ವು ಕಣೋ. ಬೆಳಿಗ್ಗೆ ಬೆಳಿಗ್ಗೆ ಬಾಯಿ ಬಿಡ್ತಿದ್ವು. ಕಣ್ಣಾರೆ ಕಂಡೆ."

ಬೊಮ್ಮಪ್ಪ ಕೋಲನ್ನು ಕೆಳಗಿಟ್ಟ. ಹೇಳದೆ ಹೋಗಿಬಿಡಬಹುದಿತ್ತು. ಆದರೆ ಹೇಳಿದ.

"ಹಸಿವಿಗಲ್ಲ ಕಣಕ್ಕ, ಉಸಿರಿಗೆ ಬಂದಿದ್ವು. ನೀರು ಅಷ್ಟು ಕೊಬ್ಬಿದ್ರೆ ಅದ್ರಾಗೆ ಉಸಿರು ಇರಾಕಿಲ್ಲ. ಬಿಸಿಲಿದ್ರೆ ಆ ಹಸಿರು ಹೆಂಗೋ ಬದುಕಿಸ್ತದೆ, ಮೋಡ ಕವಿದ್ರೆ ಅದೇ ಹಿಚುಕ್ತದೆ. ಯಾಕೋ ಏನೋ, ನಮ್ಮಪ್ಪ ಹಂಗಂತಿದ್ದ. ಬಾಯಿ ಬಿಟ್ಟ ದಿನಾನೇ ಹಿಂಡಿ ನಿಲ್ಸಿ, ಬಾವಿ ನೀರು ನಾಕು ಕೊಡ ಸುರ್ದಿದ್ರೆ... ನಾನು ಇರ್ಬೇಕಿತ್ತು."

ಪಾಪಕ್ಕ ಕೂತಲ್ಲೇ ಕೂತಳು. ತಾನು ದಿನಾ ಮಾಡಿದ್ದೇನೆಂದು ಅವಳಿಗೆ ಒಂದೊಂದಾಗಿ ಅರ್ಥವಾಗುತ್ತ ಹೋಯಿತು. ಸಾಯುವ ಬಾಯಿಗಳಿಗೆ ಅವಳು ಸಾವನ್ನೇ ತಂದು ತಂದು ಉಣಿಸಿದ್ದಳು, ಅದೂ ಪ್ರೀತಿಯಿಂದ. ಆಮೇಲೆ ಎದ್ದು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಜೀವವಿರುವುದು ಒಂದಾದರೂ ಸಿಕ್ಕೀತೇ ಎಂದು ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿದಳು. ಬೊಮ್ಮಪ್ಪ ತೋಳು ಹಿಡಿದು ಎಳೆದುಕೊಳ್ಳುವವರೆಗೂ ಹುಡುಕುತ್ತಲೇ ಇದ್ದಳು. ಮೀನು ಹುಡುಕಲು ಅವನು ಅಲ್ಲಿಂದಲೇ ಹೊರಟುಹೋದ. ಆದರೆ ಅವನು ಬಂದ ದಾರಿಯ ಕೆರೆಗಳೆಲ್ಲ ಬಿರುಕು ಬಿಟ್ಟದ್ದನ್ನು ಅವನೇ ನೋಡಿಕೊಂಡು ಬಂದಿದ್ದ.

ಮನೆಯಲ್ಲಿ ಕಾಟಮ್ಮ ಅವಳನ್ನು ಹಿತ್ತಲಲ್ಲೇ ತಡೆದಳು. "ಅವಳಿಗೆ ಹೇಳಬ್ಯಾಡ. ಬಾಣಂತಿ ಎದೆ ಒಡೆದ್ರೆ ಇರೋ ಎರಡು ಹನಿನೂ ಬತ್ತೋಗ್ತದೆ."

ಹೇಳಲಿಲ್ಲ. ಮಡಕೆಯಲ್ಲಿ ಕುದಿದು ಕುದಿದು ಇಂಗಿದ್ದ ಮೆಣಸಿನ ನೀರನ್ನೇ ಬಟ್ಟಲಿಗೆ ಬಸಿದು ಒಳಗೆ ಒಯ್ದು ಕೊಟ್ಟಳು. ಸೀಗೆ ಹಾಕಿ ಉಜ್ಜಿದ್ದರೂ ಅವಳ ಕೈಯಿಂದ ನಾತ ಹೋಗಿರಲಿಲ್ಲ. ಪುಟ್ಟಕ್ಕ ಬಟ್ಟಲನ್ನು ಮೂಗಿನ ಹತ್ತಿರ ತಂದಳು.

"ಮೀನಿನ ವಾಸನೆ ಚೆನ್ನಾಗಿ ಬತ್ತೈತೆ ಅತ್ತೆ" ಎಂದಳು, ಮುಖ ಅರಳಿಸಿ.

"ಕುಡಿ ಕಣವ್ವ, ಬಿಸಿ ಆರ್ತದೆ" ಎಂದು ಪಾಪಕ್ಕ ಹೊರಗೆ ಬಂದು ಗೋಡೆ ಹಿಡಿದು ನಿಂತಳು.

ಹೀಗೇ ದಿನಗಳು ಹೋದವು. ಎಸರು ತಪ್ಪಲಿಲ್ಲ, ಹಾಲು ಇಳಿಯಲಿಲ್ಲ. ಮೋಡ ಕರಗಿ ಬಿಸಿಲು ಸುರಿಯಿತು. ಬೊಮ್ಮಪ್ಪ ಬರಿಗೈಯಲ್ಲಿ ಬಂದು, ಪಾಪಕ್ಕನ ಮುಖ ನೋಡಲಾರದೆ ಬೀದಿಯಿಂದಲೇ ತಿರುಗಿ ಹೋದ. ಕಾಟಮ್ಮ ಬಂದು ಎದೆ ಒತ್ತಿ ನೋಡುವಳು, ಎದ್ದು ಹೋಗುವಳು. ಕೂಸಿನ ಅಳು ಮೊದಲು ಬೀದಿಗೆ ಕೇಳುತ್ತಿತ್ತು, ಆಮೇಲೆ ನಡುಮನೆಗೆ, ಆಮೇಲೆ ಪಕ್ಕದಲ್ಲಿ ಕೂತವರಿಗೆ ಮಾತ್ರ.

ಒಂದು ಮಧ್ಯಾಹ್ನ ಪುಟ್ಟಕ್ಕ ಅರ್ಧ ಕುಡಿದ ಬಟ್ಟಲನ್ನು ಕೆಳಗಿಟ್ಟಳು.

"ಅತ್ತೆ, ನಾಳೆ ಒಂದು ತುಂಡು ಮೀನೂ ಹಾಕ್ರಿ. ಬರೀ ಎಸರು ಸಾಲ್ದು ಅನ್ಸುತ್ತೆ. ಇದು ಎದೆ ಬಿಡ್ತಾನೇ ಇಲ್ಲ."

ಪಾಪಕ್ಕ ಏನಾದರೂ ಹೇಳಲೇಬೇಕಿತ್ತು.

"ಮೀನು ಇನ್ನೂ ಸಣ್ಣವು ಕಣವ್ವ" ಎಂದಳು. "ಒಂದಷ್ಟು ಬೆಳೀಲಿ."

ಪುಟ್ಟಕ್ಕ ತಲೆಯೆತ್ತಿ ಅತ್ತೆಯ ಮುಖವನ್ನೇ ನೋಡಿದಳು. ಮೊಳಕೈ ದಪ್ಪದ ಗೆಂಡೆಗಳನ್ನು ಅವಳೇ ಕಣ್ಣಾರೆ ಕಂಡಿದ್ದಳು. ಬಟ್ಟಲನ್ನು ಮತ್ತೆ ಎತ್ತಿಕೊಂಡು, ಅತ್ತೆಯ ಎದುರಿಗೇ, ಉಳಿದಿದ್ದ ಮೆಣಸಿನ ನೀರನ್ನು ಹನಿ ಬಿಡದೆ ಕುಡಿದಳು. ಆಮೇಲೆ ಕೂಸನ್ನು ಇನ್ನೊಂದು ಎದೆಗೆ ಬದಲಿಸಿದಳು. ಅಲ್ಲಿಯೂ ಏನೂ ಇರಲಿಲ್ಲ.