ಕಿಟಕಿ ಪಕ್ಕದ ಟೇಬಲ್ಲಿನ ಅತಿಥಿ

ಊಟ ಬಲ್ಲವಳಿಗೆ ಊಟವಿಲ್ಲ, ಮಾತು ಬಲ್ಲವನಿಗೆ ಕೆಲಸವಿಲ್ಲ. ಗಾದೆ ಕೆಟ್ಟಿತೆಂದು ಮುಖ ಗಂಟಿಕ್ಕಬೇಡಿ. ಹೆಬ್ಬಾಳದಲ್ಲಿ ನಡೆದ ಈ ನಿಜಸಂಗತಿ ಕೇಳಿ, ಆಮೇಲೆ ಬೇಕಾದರೆ ತಿದ್ದಿಕೊಳ್ಳಿ.

ಕೆರೆ ಕಾಣುವಷ್ಟು ಎತ್ತರದ ಆ ದುಬಾರಿ ರೆಸ್ಟೋರೆಂಟಿನಲ್ಲಿ ಹೇಮಂತ ಬಡಿಸುವವನು. ಗಂಟಲಲ್ಲಿ ಊರಿನವರ ದನಿಯನ್ನೆಲ್ಲ ಇಟ್ಟುಕೊಂಡವನು. ಹೋದ ವಾರ ಚೆಫ್ ಲುಬ್ನಾಳ ದನಿಯಲ್ಲೇ "ಆ ಸೂಪು ವಾಪಸ್!" ಎಂದು ಕೂಗಿ ಇಡೀ ಅಡುಗೆಮನೆಯನ್ನು ದಿಕ್ಕೆಡಿಸಿದ್ದ.

"ಇನ್ನೊಂದ್ ಸಲ ಯಾರ್ದಾದ್ರೂ ದನಿ ತೆಗೆದ್ಯೋ, ಬ್ಯಾಗ್ ತಗೊಂಡು ಹೋಗ್ತಾ ಇರು," ಎಂದಿದ್ದಳು ಲುಬ್ನಾ. ಅವಳ ಮಾತೆಂದರೆ ಮಾತೇ.

ಆದರೂ ಅವನಿಗೆ ಅವಳೆಂದರೆ ಭಕ್ತಿ. ಏಪ್ರನ್ ಜೇಬಿನ ಚಮಚದಿಂದ ಅವಳು ರುಚಿ ನೋಡದೆ ಯಾವ ಪಾತ್ರೆಯದೂ ತಟ್ಟೆಗೆ ಇಳಿಯುತ್ತಿರಲಿಲ್ಲ. ಆರ್.ಟಿ. ನಗರದ ತನ್ನ ಮನೆಯ ಸೋರೆಕಾಯಿ ದಾಲ್ಚಾವನ್ನು, ಅಂದರೆ ಹುಣಸೆ ಹಿಂಡಿದ ಬೇಳೆಸಾರನ್ನು, ತಿಳಿಯಾಗಿ ಸೋಸಿ ಪುಟ್ಟ ಬಟ್ಟಲಲ್ಲಿ ಕಳಿಸಿದರೆ, ಫೋನಿನಲ್ಲೇ ಮುಳುಗಿದ್ದ ಸಾಹೇಬರೂ ಫೋನ್ ಮಗುಚಿಟ್ಟು ಕಣ್ಣು ಮುಚ್ಚುತ್ತಿದ್ದರು. ಅಂಥವಳು ಒಂದು ದಿನವೂ ಅಲ್ಲಿ ಕೂತು ಉಂಡವಳಲ್ಲ. ದಿನವಿಡೀ ಚಮಚ ಚಮಚ ನೆಕ್ಕಿ, ಹೋಗುವಾಗ ಒಂದು ಬನ್ನು ಕಚ್ಚಿಕೊಂಡು ಬಸ್ ಹತ್ತುವವಳು. ಹೇಮಂತನಿಗೆ ಅದೇ ಸಂಕಟ.

ಬುಧವಾರ ಬೆಳಗ್ಗೆ ಅವನು ಕೌಂಟರಿನ ಇಂಟರ್‌ಕಾಮ್ ಎತ್ತಿ, ಮೂರು ಸಲ ಕೆಮ್ಮಿ, ಹುಬ್ಬಳ್ಳಿ ಕಡೆಯ ಮಾಲೀಕ ಶೇಖರಪ್ಪನವರೇ ಆಗಿಬಿಟ್ಟ.

"ಲುಬ್ನಾ ಅವ್ರ, ಇವತ್ತ ಮಧ್ಯಾಹ್ನ ನಮ್ಮವ್ರೊಬ್ರು ಬರ್ತಾರ್ರೀ. ಭಾಳ ನಾಜೂಕು. ಚಮಚದಾಗ ನೆಕ್ಕತಾರ, ತಪ್ಪು ಹುಡುಕತಾರ, ಎದ್ದು ಹೋಗ್ತಾರ. ಅವ್ರಿಗೆ ಒಮ್ಮಿ ಹೊಟ್ಟಿ ತುಂಬ ಉಣ್ಣಸ್ರಿ."

ಲುಬ್ನಾ ಫೋನ್ ಕುಕ್ಕಿ, ಕೌಂಟರಿಗೂ ಕೇಳುವಂತೆ ಕೂಗಿದಳು. "ಯಾ ಅಲ್ಲಾ! ಊಟ ಮಾಡ್ದೇನೇ ತಪ್ಪು ಹುಡುಕೋ ಜನಾನೂ ಇರ್ತಾರಾ? ಅಂಥೋರ ಜೊತೆ ಏಗೋರ ಗತಿ ಏನಪ್ಪಾ!"

ವಿಷಯ ಗೊತ್ತಿದ್ದ ಅಡುಗೆಯವರೆಲ್ಲ ಮುಖವನ್ನು ಪಾತ್ರೆಯೊಳಗೆ ಇಳಿಸಿಕೊಂಡರು.

ಬಂದವರೆಲ್ಲ ಉಂಡು ಹೋದ ಮೇಲೆ, ಹೇಮಂತ ಕರೆದನೆಂದು ಲುಬ್ನಾ ತನ್ನ ಕೈಯಾರೆ ಮಾಡಿದ ದಾಲ್ಚಾ, ಅನ್ನದ ತಟ್ಟೆಯನ್ನು ತಾನೇ ಹೊತ್ತು ಕಿಟಕಿ ಪಕ್ಕಕ್ಕೆ ಬಂದಳು. ಕುರ್ಚಿ ಖಾಲಿ.

"ಎಲ್ಲೋ ಗೆಸ್ಟು?"

ಹೇಮಂತ ಕುರ್ಚಿ ಎಳೆದು, ಮೂರು ಸಲ ಕೆಮ್ಮಿ, ಮಾಲೀಕರ ದನಿ ತೆಗೆದ. "ಕುಂದರ್ರೀ. ಗೆಸ್ಟ್ ಬಂದ್ರು."

ಲುಬ್ನಾಳ ಮುಖ ಕೆಂಪೇರಿತು. ಕಣ್ಣು ಅವನ ಮೇಲಿಂದ ಬಾಗಿಲ ಬಳಿಯ ಬ್ಯಾಗಿಗೆ ಹೋಯಿತು. ಹೇಗಿದ್ದರೂ ಹೋಗಬೇಕಲ್ಲ ಎಂದು ಅವನೇ ತುಂಬಿ ತಂದಿಟ್ಟಿದ್ದ. ಬೈಯಲು ಬಾಯಿ ತೆರೆದಳು. ಬೆಳಗ್ಗಿನಿಂದ ನಿಂತಿದ್ದ ಕಾಲು ಕೇಳಲಿಲ್ಲ, ಕೂತಳು. ಜೇಬಿನಿಂದ ಚಮಚ ತೆಗೆದು ಒಂದಿಷ್ಟು ನೆಕ್ಕಿದಳು. ಹುಬ್ಬು ಮೇಲೇರಿತು.

"ಹುಣಸೆ ಒಂಚೂರು ಮುಂದಾಗಿದೆ. ಯಾರೋ ಮಾಡಿದ್ದು ಇದನ್ನ?"

ಅಡುಗೆಯವರೆಲ್ಲ ಬಾಗಿಲಿನಿಂದ ಇಣುಕಿದರು. ಕೆಲಸ ಹೋದರೆ ಹೋಗಲಿ ಎಂದು ಹೇಮಂತ ಅವಳದೇ ದನಿ ತೆಗೆದ: "ಅಂಥೋರ ಜೊತೆ ಏಗೋರ ಗತಿ ಏನಪ್ಪಾ!"

ಮೊದಲು ಅವಳ ಭುಜ ಕುಲುಕಿತು. ಆಮೇಲೆ ಮೂಗಿನಿಂದ ಒಂದು ಗೊರಕೆಯಂಥ ಸದ್ದು. "ಬ್ಯಾಗ್ ಒಳಗಿಡೋ ಕತ್ತೆ, ಇನ್ನಷ್ಟು ಅನ್ನ ತಾ!" ಎಂದಳು. ಅಡುಗೆಮನೆಯೇ ಹೊರಗೆ ಬಂದು ನಕ್ಕಿತು. ಆದರೆ ಬಾಯಿ ತುಂಬ ಅನ್ನವಿಟ್ಟುಕೊಂಡೂ, ಗಾಜಿನ ಲೋಟಗಳೆಲ್ಲ ಅದುರುವ ಹಾಗೆ ನಕ್ಕವಳು ಲುಬ್ನಾಳೇ.