ಕುಡುಗೋಲಿನ ಗೀರು

ಚಿಕ್ಕಮಾದ ಬಟ್ಟೆಯನ್ನು ಆಚೆ ಎಸೆದು ಡಬ್ಬದ ಮುಲಾಮಿಗೆ ಬರಿಗೈ ಅದ್ದಿದ. ಕಪ್ಪು ಕಾರಿನ ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟು ಸುತ್ತಿ ಸುತ್ತಿ ಉಜ್ಜತೊಡಗಿದ.

"ಬಟ್ಟೇಲಿ ಉಜ್ಜೋ ಮಾದ," ಎಂದರು ಜಗಲಿಯಲ್ಲಿದ್ದ ತಂಬಾಕು ಮಂಡಿ ಸಾಹುಕಾರ ಚನ್ನಬಸವಣ್ಣ.

"ಬಟ್ಟೆ ಕುಡಿದುಬುಡ್ತದೆ ಸಾವ್ಕಾರ್ರೆ. ಕೈ ಬಿಸಿಗೆ ಗೀರೊಳಿಕ್ಕೆ ಚೆಂದಾಗಿ ಇಳೀತದೆ."

"ಏನಾರ ಮಾಡು. ಇನ್ಸ್‌ಪೆಕ್ಟರು ಬರೋ ಹೊತ್ಗೆ ಕಾಣಬಾರ್ದು. ಬೇಲಿ ಮುಳ್ಳು ತರಚಿದ್ದು, ಅಷ್ಟೆ."

ಬೇಲಿ ಮುಳ್ಳು ಹೀಗೆ ತರಚುವುದಿಲ್ಲ. ಬಾಚಣಿಗೆ ಎಳೆದಂತೆ ಸಾಲು ಗೀರು. ನಡುವೆ ಒಂದು ಕಡೆ ಖಾಲಿ. ಸಿದ್ದಿಯ ಕುಡುಗೋಲಿಗೂ ನಡುವಿನ ಒಂದು ಹಲ್ಲು ಮುರಿದಿತ್ತು.

ಸಿದ್ದಿ ಅವನ ಹೆಂಡತಿ. ಹುಲ್ಲಿನ ಹೊರೆ ಹೊತ್ತು ಹುಣಸೂರಿಗೆ ಬರುತ್ತಿದ್ದವಳನ್ನು ಕೋಟೆ ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದು, ನಿಲ್ಲದೆ ಹೋಗಿತ್ತು. ಹೆಣದ ಜೊತೆ ಕಾಡಂಚಿನ ಅವರ ಹಾಡಿಗೆ ಬಂದ ಕುಡುಗೋಲಿನ ಹಲ್ಲುಗಳಲ್ಲಿ ಕಪ್ಪು ಬಣ್ಣ ಮೆತ್ತಿಕೊಂಡಿತ್ತು. ಅಂದಿನಿಂದ ಅದು ಮಾದನ ಸೊಂಟದಲ್ಲೇ ಇತ್ತು. ಗಾಡಿ ತೊಳೆಯುವ ಮಾದನಿಗೂ ಹೆಂಡತಿಯಿದ್ದಾಳೆಯೇ ಎಂದು ಸಾಹುಕಾರರು ಎಂದೂ ಕೇಳಿದವರಲ್ಲ.

ಎಣ್ಣೆಗೆ ಸೀಮೆಸುಣ್ಣದ ಪುಡಿ ಕಲೆಸಿದ ಆ ಮುಲಾಮು ಗೀರನ್ನು ಮುಚ್ಚುತ್ತದೆ, ಅಳಿಸುವುದಿಲ್ಲ. ಸೀಗೆ ನೀರು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಮಾದ ತಲೆಯೆತ್ತಿದ. ಕಿಟಕಿಯಲ್ಲಿ ಸಾಹುಕಾರರ ತಾಯಿ ಶಿವರುದ್ರಮ್ಮ ನಿಂತಿದ್ದರು. ಮೊನ್ನೆ ಅವನು ಒರಗಿದ ಕಂಬಕ್ಕೆ ಮೈಲಿಗೆಯೆಂದು ಸೀಗೆ ನೀರು ಹಾಕಿಸಿದ್ದವರು ಅವರೇ. ಅವರ ಲೆಕ್ಕದಲ್ಲಿ, ಕೈಗೂ ಗಾಡಿಗೂ ನಡುವೆ ಬಟ್ಟೆಯಿದ್ದರೆ ಮೈಲಿಗೆಯಿಲ್ಲ. ಮಾದ ಅವರನ್ನೇ ನೋಡುತ್ತ, ಬಾನೆಟ್ಟಿನಿಂದ ಬಾಗಿಲ ಹಿಡಿಯವರೆಗೆ ನಿಧಾನವಾಗಿ ಅಂಗೈ ಎಳೆದ.

ಇನ್ಸ್‌ಪೆಕ್ಟರು ಕಾಫಿ ಕುಡಿದು ಹೊರಗೆ ಬಂದರು. ಕಾರು ಕನ್ನಡಿಯಂತಿತ್ತು. "ಏನೂ ಇಲ್ವಲ್ರೀ. ಆ ಹುಲ್ಲಿನ ಹೆಂಗಸಿಗೆ ಯಾವುದೋ ಲಾರಿ ಹೊಡೆದಿರಬೇಕು."

ಅಷ್ಟರಲ್ಲಿ ಶಿವರುದ್ರಮ್ಮ ತಂಬಿಗೆ, ತೆಂಗಿನ ನಾರು ಹಿಡಿದು ಬಂದರು. ಮಗ ಅವರಿಗೆ ಯಾವುದನ್ನೂ ಹೇಳಿರಲಿಲ್ಲ. "ಇವ್ನು ಬರಿಗೈಲಿ ಗಾಡಿನೆಲ್ಲ ಸವರವ್ನೆ ಕಣಪ್ಪ. ಇದ್ರಲ್ಲೇ ಕೂತು ಮಠಕ್ಕೆ ಓಗ್ತೀಯಾ ನೀನು?"

"ಅವ್ವಾ, ಬ್ಯಾಡ," ಎಂದು ಚನ್ನಬಸವಣ್ಣ ಜಗಲಿ ಇಳಿಯುವಷ್ಟರಲ್ಲಿ ಸೀಗೆ ನೀರು ಮಡ್‌ಗಾರ್ಡಿನ ಮೇಲೆ ಹರಿದಿತ್ತು. ಮುದುಕಿ ನಾರಿನಿಂದ ತಿಕ್ಕಿದರು. ಹೊಳಪು ಬೆಳ್ಳಗೆ ಕರಗಿ ನೆಲಕ್ಕಿಳಿಯಿತು. ಗೀರುಗಳು ಎದ್ದವು.

ಮಾದ ಕುಡುಗೋಲು ತೆಗೆದು ಅವುಗಳ ಮೇಲಿಟ್ಟ. ಹಲ್ಲಿಗೆ ಗೀರು ಕೂತಿತು, ಮುರಿದ ಹಲ್ಲಿಗೆ ಖಾಲಿ ಕೂತಿತು.

"ಬೇಲಿ ಮುಳ್ಳು ತರಚಿದ್ದಂತೆ ಸಾಮಿ. ಈ ಬೇಲಿಗೆ ಹಲ್ಲು ಅವೆ ನೋಡಿ. ಒಂದು ಮುರಿದದೆ. ಆ ಹುಲ್ಲಿನ ಎಂಗಸಿಗೆ ಎಸರೂ ಇತ್ತು. ಸಿದ್ದಿ. ನನ್ನೆಂಡ್ತಿ."

ಗೇಟಿನಾಚೆ ಹುಲ್ಲು ಮಾರುವ ಹೆಂಗಸರು ಒಬ್ಬೊಬ್ಬರಾಗಿ ಹೊರೆ ಇಳಿಸಿ ನಿಂತರು. ಹೊರಡಲು ತಿರುಗಿದ್ದ ಇನ್ಸ್‌ಪೆಕ್ಟರು ಅಷ್ಟು ಜನರನ್ನು ಕಂಡು ಹೊರಡಲಿಲ್ಲ.

ಚನ್ನಬಸವಣ್ಣ ಮಾದನ ಪಕ್ಕಕ್ಕೇ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಮಾದಪ್ಪ, ಮಂಡಿ ಹಿಂದಿನ ಜಾಗ ನಿಂದೇ. ಮನೆ ಕಟ್ಟಿಸಿಕೊಡ್ತೀನಿ. 'ತೊಳೆಯುವಾಗ ನನ್ನ ಕುಡುಗೋಲೇ ತಗಲ್ತು' ಅಂದುಬುಡು." ನೆಲದಲ್ಲಿದ್ದ ಡಬ್ಬವನ್ನು ತಾವೇ ಬಗ್ಗಿ ಎತ್ತಿ ಅವನ ಮುಂದೆ ಹಿಡಿದರು. "ತಗೊ, ಇನ್ನೊಂದು ಸಲ ಸವರು. ಬರಿಗೈಲೇ ಸವರು."

ಮಾದ ಕುಡುಗೋಲನ್ನು ಗೀರಿನ ಮೇಲಿಂದ ಎತ್ತಲಿಲ್ಲ.

"ಸವರಾಕಿಲ್ಲ," ಎಂದ.