ಬಾಳೆಹಣ್ಣಲ್ಲ

ಪರದೆಯ ಕೆಳಗಿನಿಂದ ಹಸಿರು ಗೆರೆ ಮೇಲೇರುತ್ತಿದೆ, ಏರಲಿ, ಅವಳು ಉಸಿರು ಬಿಗಿಹಿಡಿದಿದ್ದಾಳೆ — ತಿರುಗಿತು, ಇಳಿಯಿತು, ಸುತ್ತು ಮುಚ್ಚಿತು, ಮೂಲೆ ಚೂಪಾಗಿದೆ, ಅಯ್ಯೋ, ಚೂಪಾಗೇ ಇದೆ, ಆದರೆ ಹೋದ ಸಲವೂ ಹೀಗೇ ಕುಣಿದಾಡಿ ಮೇಷ್ಟ್ರನ್ನು ಕರೆತಂದಿದ್ದಳಲ್ಲ, ಅವರು ಆ ದುಂಡನೆಯ ಸುತ್ತು ನೋಡಿ, ಏನಮ್ಮಾ, ಬಾಳೆಹಣ್ಣು ತಂದಿದ್ದೀಯ, ಕರೆಂಟು ಸೋರಿದ್ರೆ ಬಾಳೆಹಣ್ಣೂ ಇಂಥದ್ದೇ ಗೆರೆ ಬರೆಯುತ್ತೆ, ಕರೆಂಟು ತೆಗೆದ ಮೇಲೂ ಯಾವ ಕಡೆ ತಿರುಗಿದ್ದೆ ಅಂತ ನೀನು ಹರಳಿನ ಮೇಲೆ ಬೆಳೆಸಿದ ಪದರಕ್ಕೆ ನೆನಪಿರಬೇಕು ತಾನೆ, ಎಂದರು, ಪ್ರಯೋಗಾಲಯವೆಲ್ಲ ನಕ್ಕಿತು, ಅವಳೂ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಬೇರಿಯಂ ಜೊತೆ ಇಷ್ಟೊಂದು ಸ್ಟ್ರಾನ್ಷಿಯಂ ಬೆರೆಸಿದ್ರೆ ನೆನಪು ಎಲ್ಲಿ ಉಳಿಯುತ್ತೆ, ಈ ಸಲನೂ ಆಗ್ಲಿಲ್ಲ ಅಂದ್ರೆ ವಿಷಯ ಬದಲಾಯಿಸಿಬಿಡು, ಎಂದಿದ್ದರು ಮೇಷ್ಟ್ರು — ಬದಲಾಯಿಸಿದರೆ ಇಷ್ಟು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸ್ಟ್ರಾನ್ಷಿಯಂ ಇದ್ದರೇ ತಾನೆ ಸಣ್ಣ ವೋಲ್ಟೇಜಿಗೂ ಅದು ತಿರುಗುವುದು, ಬಿಡುವುದು ಹೇಗೆ. ತಪ್ಪು ಬೇರೆಡೆ ಇತ್ತು, ಸೋರಬಾರದೆಂದು ಪದರವನ್ನು ದಪ್ಪ ದಪ್ಪವಾಗಿ ಬೆಳೆಸಿದ್ದಳು, ದಪ್ಪವಾದಂತೆ ಅದು ಕೆಳಗಿನ ಹರಳಿನ ಬಿಗಿಹಿಡಿತದಿಂದ ಜಾರಿ ಹಾಯಾಗಿ ಕಾಲು ಚಾಚಿ ಎಲ್ಲ ಮರೆತಿತ್ತು. ಬುದ್ಧಿ ಬಂದದ್ದು ಬಸ್ಸಿನಲ್ಲಿ, ಆಗಲೇ ತುಂಬಿದ್ದ ಸೀಟಿಗೆ ಅತ್ತೆ ತೂರಿಕೊಂಡು, ಸ್ವಲ್ಪ ಸರೀರಿ, ಎಂದಾಗ ಎಲ್ಲರ ಬೆನ್ನೂ ನೆಟ್ಟಗಾಯಿತು — ಅಕ್ಕಪಕ್ಕದಿಂದ ಅದುಮಿದರೆ ಮೇಲಕ್ಕೇ ಏಳಬೇಕು, ಎದ್ದು ಹಾಗೇ ನಿಲ್ಲಬೇಕು, ಪರಮಾಣುವಾದರೇನು, ಸೊಸೆಯಾದರೇನು! ಅದಕ್ಕೇ ಈ ಸಲ ಕೆಳಗೆ ಇಕ್ಕಟ್ಟಾದ ಹರಳು, ಮೇಲೆ ತೀರ ತೆಳುವಾದ ಪದರ, ಸ್ಟ್ರಾನ್ಷಿಯಂ ಮಾತ್ರ ಚಿಟಿಕೆಯೂ ಕಡಿಮೆಯಿಲ್ಲ, ಹಟವೆಂದರೆ ಹಟ. ಈಗ ವೋಲ್ಟೇಜಿನ ಏರಿಳಿತ ನಿಧಾನ ಮಾಡು, ಬಾಳೆಹಣ್ಣಾದರೆ ನಿಧಾನಕ್ಕೆ ಸುತ್ತು ಊದಿಕೊಳ್ಳುತ್ತದೆ, ಮಾಡಿದಳು, ಗೆರೆ ಹಳೆಯ ಗೆರೆಯ ಮೇಲೇ ನಡೆಯಿತು, ಕೂದಲೆಳೆಯಷ್ಟೂ ಕದಲಲಿಲ್ಲ, ವೋಲ್ಟೇಜ್ ತೆಗೆದು ಕಾದಳು, ಲೋಟದ ಟೀ ಆರಿತು, ಈಗ ಹೇಳು, ಯಾವ ಕಡೆ ತಿರುಗಿದ್ದೆ — ಹೇಳಿತು, ಮರೆತಿಲ್ಲ, ಗೆದ್ದೆ ಕಣೇ, ಗೆದ್ದೆ! ಹಿಂದೆ ಬೂಟಿನ ಸದ್ದು, ಮೇಷ್ಟ್ರು, ಕನ್ನಡಕ ಹಣೆಗೇರಿಸಿ ಬಗ್ಗಿದ್ದಾರೆ, ನಗುತ್ತಿಲ್ಲ, ನಿಧಾನ ಮಾಡಿ ನೋಡಿದ್ಯಾ, ನೋಡ್ದೆ ಸರ್, ಇನ್ನೊಂದು ತುಂಡಲ್ಲಿ ಹೇಗಿದೆ, ಅದ್ರಲ್ಲೂ ಹೀಗೇ ಸರ್, ಅವರು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು, ಹಾಗಾದ್ರೆ ಸ್ಟ್ರಾನ್ಷಿಯಂ ಇನ್ನೂ ಸ್ವಲ್ಪ ಜಾಸ್ತಿ ಹಾಕೋಣ್ವಾ — ಹಾಕೋಣ್ವಾ ಅಂತೆ, ಬಿಡು ಎಂದವರೇ ಕೇಳುತ್ತಿದ್ದಾರೆ, ಅವಳನ್ನು, ಹೂಂ ಅನ್ನಬೇಕು, ಮನೆಗೆ ಫೋನ್ ಮಾಡಬೇಕು, ಕಣ್ಣು ಕೀಳಲಾಗುತ್ತಿಲ್ಲ, ಹಸಿರು ಗೆರೆ, ಅಲ್ಲಿ, ಮೇಲೆ, ಮೂಲೆ, ಆ ಚೂಪು ಮೂಲೆ, ಚೂಪು —